ಹೆಡ್‌ಲೈಟಿಗೆ ಯುವಿ ಲೇಪನ: ಎರಡು ಬೇಸಿಗೆ ಕಂಡ ಮೇಲೆ

ಬಳ್ಳಾರಿಯಿಂದ ಸಂಡೂರಿಗೆ ದಿನವೂ ಕಾರಿನಲ್ಲಿ ಹೋಗಿ ಬರುವವರಿಗೆ ಹೆಡ್‌ಲೈಟಿನ ಗಾಜು ಹಳದಿಗಟ್ಟುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜು ಎಂದು ನಾವು ರೂಢಿಯಲ್ಲಿ ಕರೆದರೂ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ನನ್ನ ಕಾರಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ಎರಡೂ ದೀಪಗಳು ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದ್ದವು. ರಾತ್ರಿ ಎದುರಿಗೆ ಅದಿರು ಲಾರಿ ಬಂದರೆ ರಸ್ತೆಯ ಅಂಚೇ ಕಾಣುತ್ತಿರಲಿಲ್ಲ. ಹೊಸಪೇಟೆ ರಸ್ತೆಯ ಒಂದು ಅಂಗಡಿಯಲ್ಲಿ ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಅತಿನೇರಳೆ (ಯುವಿ) ಬೆಳಕಿನಿಂದ ಗಟ್ಟಿಯಾಗುವ, ಗಾಜಿನ ಮತ್ತು ಪ್ಲಾಸ್ಟಿಕ್ಕಿನ ಗುಣ ಬೆರೆತ ಹೈಬ್ರಿಡ್ ಲೇಪನವನ್ನು ಎರಡೂ ದೀಪಗಳಿಗೆ ಹಾಕಿಸಿಕೊಂಡೆ. ಇಂಥ ಕೆಲಸದ ಬಗ್ಗೆ ಮರುದಿನವೇ ಬರೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಉಜ್ಜಿದ ದೀಪ ಮರುದಿನ ಹೊಳೆದೇ ಹೊಳೆಯುತ್ತದೆ. ಹದಿನಾಲ್ಕು ತಿಂಗಳು, ಅಂದರೆ ನಮ್ಮೂರಿನ ಎರಡು ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಬೇರೊಂದು ಕಡೆ ನಾನು ಮೋಸ ಹೋಗಿದ್ದೆ. ಅಲ್ಲಿ ಅರ್ಧ ಗಂಟೆಯಲ್ಲಿ ವಾಟರ್ ಪೇಪರ್ ಉಜ್ಜಿ, ಬಫಿಂಗ್ ಮಾಡಿ, ಮೇಲೆ ಯಾವುದೋ ಮೇಣ ಸವರಿ 600 ರೂಪಾಯಿ ಪಡೆದರು. ದೀಪ ಕನ್ನಡಿಯಂತಾಯಿತು, ಆದರೆ ಐದು ತಿಂಗಳಿಗೆ ಮೊದಲಿಗಿಂತಲೂ ಹೆಚ್ಚು ಮಂಕಾಯಿತು. ರಸಾಯನಶಾಸ್ತ್ರ ಕಲಿಸುವ ನಾನು ಅದನ್ನು ಮೊದಲೇ ಊಹಿಸಬೇಕಾಗಿತ್ತು. ಕಾರ್ಖಾನೆಯಲ್ಲಿಯೇ ಈ ಪ್ಲಾಸ್ಟಿಕ್ಕಿನ ಮೇಲೆ ತೆಳುವಾದ ರಕ್ಷಣಾ ಪದರವೊಂದನ್ನು ಹಾಕಿರುತ್ತಾರೆ. ವರ್ಷಗಳ ಬಿಸಿಲಿಗೆ ಆ ಪದರ ಸವೆದು ಬಿರಿದಾಗ ಸೂರ್ಯನ ಅತಿನೇರಳೆ ಕಿರಣಗಳು ಪಾಲಿಕಾರ್ಬೊನೇಟಿನ ಸರಪಳಿಗಳನ್ನೇ ಮುರಿದು ಮರುಜೋಡಿಸುತ್ತವೆ, ಹಳದಿ ಬಣ್ಣ ಹುಟ್ಟುವುದು ಅಲ್ಲಿ. ಉಜ್ಜಿದಾಗ ಹಳದಿಯ ಜೊತೆಗೆ ಉಳಿದಿದ್ದ ಅಷ್ಟಿಷ್ಟು ರಕ್ಷಣೆಯೂ ಹೋಗುತ್ತದೆ. ಮೇಣವೊಂದನ್ನೇ ನಂಬಿ ಅಂಥ ಬೆತ್ತಲೆ ಪ್ಲಾಸ್ಟಿಕ್ಕನ್ನು ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಒಡ್ಡಿದರೆ ಬೇರೇನು ಆದೀತು?

ಪಾಲಿಕಾರ್ಬೊನೇಟ್ ವಿಚಿತ್ರ ವಸ್ತು. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡ್ಯಾನಿಯಲ್ ಫಾಕ್ಸ್ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಸುತ್ತಿಗೆಯ ಏಟಿಗೂ ಒಡೆಯದ ಇದಕ್ಕೆ ಗೀರು ಮಾತ್ರ ಸುಲಭವಾಗಿ ಬೀಳುತ್ತದೆ. ನಮ್ಮ ಸಂಡೂರಿನ ಕೆಂಪು ಧೂಳೋ ಹೆಮಟೈಟ್ ಎಂಬ ಕಬ್ಬಿಣದ ಅದಿರು, ಒಂದರಿಂದ ಹತ್ತರವರೆಗಿನ ಮೋಸ್ ಮಾನದಲ್ಲಿ ಅದರ ಗಡಸುತನ 5ರಿಂದ 6.5. ಒಣ ಬಟ್ಟೆಯಲ್ಲಿ ದೀಪ ಒರೆಸುವುದೆಂದರೆ ಅದಿರಿನ ಪುಡಿಯಿಂದ ತಿಕ್ಕಿದಂತೆಯೇ.

ಹಾಗಾದರೆ ಮೇಲೊಂದು ಗಾಜಿನ ಪದರ ಕೂರಿಸಬಾರದೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಬಿಸಿಲಿಗೆ ಪಾಲಿಕಾರ್ಬೊನೇಟ್ ಹಿಗ್ಗುವ ಪ್ರಮಾಣ ಶುದ್ಧ ಸಿಲಿಕಾ ಗಾಜು ಹಿಗ್ಗುವುದರ ನೂರು ಪಟ್ಟಿಗಿಂತ ಹೆಚ್ಚು. ಕೆಳಗಿನದು ಹಿಗ್ಗಿ ಕುಗ್ಗುವಾಗ ಮೇಲಿನದು ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಬರೀ ಪ್ಲಾಸ್ಟಿಕ್ ವಾರ್ನಿಶ್ ಹಾಕಿದರೆ ಬಾಗುವ ಗುಣ ಬರುತ್ತದೆ, ಗಡಸುತನ ಸಾಲದು. ಸಾವಯವ (ಪ್ಲಾಸ್ಟಿಕ್ಕಿನಂಥ) ಮತ್ತು ನಿರವಯವ (ಗಾಜಿನಂಥ) ಭಾಗಗಳೆರಡನ್ನೂ ಅಣುಮಟ್ಟದಲ್ಲಿ ಹೆಣೆದ ಲೇಪನ ಬೇಕಾಗುವುದು ಈ ಕಾರಣಕ್ಕೆ. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆ ಇಂಥವನ್ನು ಓರ್ಮೋಸರ್ ಎಂಬ ಹೆಸರಿನಲ್ಲಿ ಬೆಳೆಸಿತು. ಒಂದು ತುದಿಯಲ್ಲಿ ಸಿಲಿಕಾನ್, ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಸರಪಳಿ ಕಟ್ಟಬಲ್ಲ ಅಕ್ರಿಲೇಟ್ ಗುಂಪು ಇರುವ ಸೈಲೇನ್ ಅಣುಗಳನ್ನು ಮೊದಲು ನೀರಿನೊಡನೆ ವರ್ತಿಸಲು ಬಿಟ್ಟು ಸಿಲಿಕಾನ್–ಆಮ್ಲಜನಕದ ಜಾಲ ಕಟ್ಟುತ್ತಾರೆ. ಅಕ್ರಿಲೇಟ್ ತುದಿಗಳು ಹಾಗೆಯೇ ಕಾಯುತ್ತಿರುತ್ತವೆ. ದೀಪದ ಮೇಲೆ ಸವರಿ ಅತಿನೇರಳೆ ಬೆಳಕು ಬಿಟ್ಟಾಗ ಲೇಪನದಲ್ಲಿರುವ ಬೆಳಕು-ಚಾಲಕ ಅಣುಗಳು ಒಡೆದು, ಅಕ್ರಿಲೇಟ್ ತುದಿಗಳು ಒಂದಕ್ಕೊಂದು ಕೈಹಿಡಿದು ಬೇಗನೆ ಗಟ್ಟಿಯಾಗುತ್ತವೆ. ಶಾಖದಿಂದ ಗಟ್ಟಿಯಾಗುವ ಲೇಪನಗಳನ್ನು ಪಾಲಿಕಾರ್ಬೊನೇಟ್ ಮೇಲೆ 120 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಬೇಕಾಗುತ್ತದೆ. ಕಾರಿಗೆ ಕೂರಿಸಿದ ದೀಪವನ್ನು, ಅದರ ವೈರು ಅಂಟುಗಳ ಸಮೇತ, ಹಾಗೆ ಬೇಯಿಸುವುದು ಆಗದ ಮಾತು.

ಹೊಸಪೇಟೆ ರಸ್ತೆಯ ಅಂಗಡಿಯ ಮಾಲೀಕರು ಬಿಲ್ಲು ಬರೆಯುವ ಮೊದಲು ಗುಜರಿಯಿಂದ ತಂದ ಹಳೆಯ ದೀಪವೊಂದನ್ನು ಮೇಜಿನ ಮೇಲಿಟ್ಟರು. ಅದರ ಎರಡೂ ಅರ್ಧಗಳಿಗೆ ಲೇಪನವಾಗಿತ್ತು, ಆದರೆ ಒಂದರ್ಧವನ್ನು ಸರಿಯಾಗಿ ಉಜ್ಜಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ್ದರು, ಇನ್ನೊಂದನ್ನು ಬೇಕೆಂದೇ ಹಾಗೆ ಬಿಟ್ಟಿದ್ದರು. ಬ್ಲೇಡಿನಿಂದ ಮಿಲಿಮೀಟರಿಗೊಂದರಂತೆ ಹನ್ನೊಂದು ಅಡ್ಡ, ಹನ್ನೊಂದು ಉದ್ದ ಗೆರೆ ಎಳೆದು, ನೂರು ಪುಟ್ಟ ಚೌಕಗಳ ಮೇಲೆ ಸೆಲ್ಲೋ ಟೇಪು ಒತ್ತಿ ಸರ್ರನೆ ಕಿತ್ತರು. ಒರೆಸಿದ ಕಡೆ ಒಂದು ಚೌಕವೂ ಏಳಲಿಲ್ಲ. ಒರೆಸದ ಕಡೆ ಟೇಪಿಗೆ ಮೀನಿನ ಹುರುಪೆಯಂತೆ ಅಂಟಿಕೊಂಡು ಬಂದವು. ಎಎಸ್‌ಟಿಎಂ ಡಿ3359 ಎಂಬ, ಲೇಪನದ ಹಿಡಿತ ಅಳೆಯುವ ಮಾನದಂಡದಲ್ಲಿರುವ ಪರೀಕ್ಷೆ ಇದೇ. "ನೋಡ್ರೀ ಸರ್, ಎಣ್ಣಿ ಎರಡೂ ಕಡಿ ಒಂದ ಐತಿ, ಕೆಲಸದಾಗ ಫರಕ್ ಐತಿ" ಎಂದರು. ನನ್ನ ಚೀಲದಲ್ಲಿದ್ದ ಪೆನ್ಸಿಲುಗಳಿಂದ ನಾನೂ ಗೀಚಿ ನೋಡಿದೆ. ಬೆತ್ತಲೆ ಪ್ಲಾಸ್ಟಿಕ್ಕಿನ ಮೇಲೆ ಎಚ್‌ಬಿ ಪೆನ್ಸಿಲು ಗೀರು ಬಿಟ್ಟಿತು. ಲೇಪನದ ಮೇಲೆ ಅದಕ್ಕಿಂತ ಗಡಸಾದ 3ಎಚ್ ಕೂಡ ಒರೆಸಿದರೆ ಹೋಗುವ ಕಪ್ಪು ಗೆರೆಯನ್ನಷ್ಟೇ ಬಿಟ್ಟಿತು.

ಕೆಲಸ ಎರಡೂವರೆ ಗಂಟೆ ಹಿಡಿಯಿತು, ಅದರಲ್ಲಿ ಎರಡು ಗಂಟೆ ಬರೀ ಉಜ್ಜುವುದೇ. ಬಣ್ಣಕ್ಕೆ ಪೆಟ್ಟಾಗದಂತೆ ಸುತ್ತ ಮಾಸ್ಕಿಂಗ್ ಟೇಪು ಹಚ್ಚಿ, ಒರಟಾದ 800ರಿಂದ ಮೊದಲಾಗಿ 1500, 2000, ತೀರ ನಯವಾದ 3000ರವರೆಗೆ ವಾಟರ್ ಪೇಪರ್ ಬದಲಿಸುತ್ತ ಹೋದರು. ಮೊದಲು ಹರಿದ ನೀರು ಹಳದಿ ಮಜ್ಜಿಗೆಯಂತಿತ್ತು. ಅದು ಪೂರ್ತಿ ಬಿಳಿಯಾಗುವವರೆಗೂ ಮುಂದಿನ ಪೇಪರಿಗೆ ಹೋಗಲಿಲ್ಲ. ಲೇಪನ ಸವರುವ ಮೊದಲು ಶಟರ್ ಅರ್ಧ ಇಳಿಸಿದರು. ಬಿಸಿಲು ಬಿದ್ದರೆ ಸವರುತ್ತಿರುವಾಗಲೇ ಲೇಪನ ಗಟ್ಟಿಯಾಗಲು ಆರಂಭಿಸಿ ಗೆರೆಗಳು ನಿಲ್ಲುತ್ತವೆ, ಆದ್ದರಿಂದ ಈ ಎಚ್ಚರ ನನಗೆ ಮೆಚ್ಚುಗೆಯಾಯಿತು. ಆಮೇಲೆ ಅತಿನೇರಳೆ ಬೆಳಕು ಬೀರುವ ನೇರಳೆ ದೀಪವನ್ನು ಅಂಗೈಯಗಲ ದೂರದಲ್ಲಿ ಹಿಡಿದು ನಿಧಾನವಾಗಿ ಆಡಿಸಿದರು. ಎರಡು ದೀಪಗಳಿಗೆ ಒಟ್ಟು 1,800 ರೂಪಾಯಿ ಕೊಟ್ಟೆ.

ಇಂದು ಬೆಳಿಗ್ಗೆ ನೋಡಿದಂತೆ ಬಲದೀಪದಲ್ಲಿ ಹಳದಿಯ ಸುಳಿವಿಲ್ಲ. ರಾತ್ರಿ ಬೆಳಕು ರಸ್ತೆಯ ಮೇಲೆ ಅಂಚು ಕಟ್ಟಿದಂತೆ ಬೀಳುತ್ತದೆ. ಧೂಳಿನ ಗೀರುಗಳು ಹತ್ತಿರದಿಂದ ಓರೆಯಾಗಿ ನೋಡಿದರೆ ಕೂದಲೆಳೆಯಂತೆ ಕೆಲವು ಇವೆ, ಅಷ್ಟೇ. ಇನ್ನೂ ಅಗ್ಗದಲ್ಲಿ ಮುಗಿಸಬಹುದೆಂದು ನಾನು ಯಾರಿಗೂ ಹೇಳಲಾರೆ.

ಎಡದೀಪದ ಕಥೆ ಬೇರೆ. ಲೇಪನವಾದ ದಿನ ಮನೆಗೆ ಬಂದು ಬಂಪರಿಗೆ ತಾಗುವ ಕೆಳಮೂಲೆಯನ್ನು ಮುಟ್ಟಿದಾಗ ಬೆರಳಿಗೆ ಬೆಲ್ಲದ ಪಾಕದಂತೆ ಅಂಟಿತು. ಮೂಲೆಗೆ ನೇರಳೆ ಬೆಳಕು ಸರಿಯಾಗಿ ತಲುಪದಿದ್ದರೆ ಗಾಳಿಯ ಆಮ್ಲಜನಕ ಆ ಸರಪಳಿ ಕ್ರಿಯೆಯನ್ನು ಮೇಲ್ಮೈಯಲ್ಲಿ ತಡೆದುಬಿಡುತ್ತದೆ. ಬಿಸಿಲಿನಿಂದ ರಕ್ಷಿಸಲೆಂದು ಲೇಪನದಲ್ಲಿ ಬೆರೆಸಿದ ವಸ್ತುವೂ ಗಟ್ಟಿಯಾಗಿಸುವ ಬೆಳಕಿನಲ್ಲಿ ಪಾಲು ಕೇಳುವುದರಿಂದ ಮೂಲೆಗಳಿಗೆ ಹೆಚ್ಚು ಹೊತ್ತು ಬೇಕು. ಮರುದಿನ ಹೋದಾಗ ಮಾಲೀಕರು ಮರುಮಾತಾಡದೆ ಆ ಭಾಗವನ್ನು ಒರೆಸಿ, ಮತ್ತೆ ಸವರಿ, ದೀಪ ಹಿಡಿದರು. ಆದರೂ ಈಗ ಅದೇ ಮೂಲೆಯಲ್ಲಿ ಜೋಳದ ಕಾಳಿನಷ್ಟು ಜಾಗದಲ್ಲಿ ಲೇಪನ ಎದ್ದಿದೆ. ಕಾರನ್ನು ಪಡೆಯುವ ಮೊದಲು ಪ್ರತಿ ಮೂಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಅಂಟಿದರೆ ಅಲ್ಲಿಯೇ ಮತ್ತೊಮ್ಮೆ ದೀಪ ಹಿಡಿಸಿ.

ನನ್ನ ಮನಸ್ಸಿಗೆ ನೋವಾದ ಸಂಗತಿ ಇನ್ನೊಂದಿದೆ. ಲೇಪನ ಸವರಿದ ಹುಡುಗ ಬರಿಗೈಯಲ್ಲಿದ್ದ, ನೇರಳೆ ದೀಪ ಹಿಡಿದಾಗ ಅವನ ಕಣ್ಣಿಗೆ ಕನ್ನಡಕವೂ ಇರಲಿಲ್ಲ. ಗಟ್ಟಿಯಾಗದ ಅಕ್ರಿಲೇಟ್ ಚರ್ಮಕ್ಕೆ ಪದೇ ಪದೇ ತಾಗಿದರೆ ಜೀವಮಾನದ ಅಲರ್ಜಿ ಅಂಟಿಕೊಳ್ಳಬಹುದು, ಕಣ್ಣಿಗೆ ಅತಿನೇರಳೆ ಬೆಳಕು ಮಾಡುವ ಹಾನಿಯಂತೂ ಗೊತ್ತಿರುವುದೇ. "ತಮ್ಮಾ, ಗ್ಲೌಸ್ ಹಾಕ್ಕೊಳ್ಳಪಾ" ಎಂದಾಗ ಅವನು ನಕ್ಕು "ಬೆವರಿಗೆ ಜಾರ್ತಾವ್ರೀ ಸರ್" ಎಂದ. ಮಾಲೀಕರಿಗೆ ನೈಟ್ರೈಲ್ ಗ್ಲೌಸಿನ ಒಂದು ಡಬ್ಬಿಯನ್ನೂ ಯುವಿ ತಡೆಯುವ ಕನ್ನಡಕವನ್ನೂ ತರಿಸಲು ಹೇಳಿ ಬಂದೆ. ಎಡದೀಪದ ಮೂಲೆ ತೋರಿಸಲು ಈ ಭಾನುವಾರ ಹೋಗುವವನಿದ್ದೇನೆ, ತಂದಿದ್ದರೆ ಇಲ್ಲಿಯೇ ಸೇರಿಸಿ ಬರೆಯುತ್ತೇನೆ.

ಹೋಗುವವರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ. ಹನ್ನೊಂದರ ನಂತರ ಅಂಗಡಿಯ ಮುಂಭಾಗಕ್ಕೆ ಬಿಸಿಲು ನೇರವಾಗಿ ಬೀಳುವುದರಿಂದ ಮಧ್ಯಾಹ್ನ ಬಂದ ಕಾರುಗಳನ್ನು ಅವರು ಸಂಜೆಯವರೆಗೆ ನಿಲ್ಲಿಸಿಕೊಳ್ಳುತ್ತಾರೆ.