ಅಮ್ಮನ ಜೊತೆ ಕೀಟೊದಲ್ಲಿ: ಮೂರು ಅಗ್ಗದ ರೂಮುಗಳ ಹೋಲಿಕೆ

ನಕ್ಷೆಯಲ್ಲಿ ಕ್ವಿಟೊ ಅಂತ ಓದುತ್ತೇವೆ, ಊರಿನವರು ಕೀಟೊ ಅಂತಾರೆ. ಎಕ್ವಡೋರ್ ದೇಶದ ರಾಜಧಾನಿ. ಸಮುದ್ರ ಮಟ್ಟದಿಂದ 2,850 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ ಒಂಬೈನೂರು ಮೀಟರ್ ಮೇಲೆ ಒಂದು ದೊಡ್ಡ ಪಟ್ಟಣ ಇದೆ ಅಂದುಕೊಳ್ಳಿ. ಹೋದರೆ ಏದುಸಿರು ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ರೂಮು ಹುಡುಕುವಾಗಲೂ ಈ ಎತ್ತರವನ್ನು ಲೆಕ್ಕಕ್ಕೆ ತಗೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಲಪಗೋಸ್ ದ್ವೀಪಗಳಿಗೆ ಹೋಗಿ ಬರುವ ದಾರಿಯಲ್ಲಿ ನಾನು ಮತ್ತು ಅಮ್ಮ ಕೀಟೊದಲ್ಲಿ ಒಟ್ಟು ಒಂಬತ್ತು ರಾತ್ರಿ ಇದ್ದೆವು. ಹೊಸ ಊರಿನ ಲಾ ಮರಿಸ್ಕಾಲ್ ಬಡಾವಣೆಯಲ್ಲಿ ನಾಲ್ಕು, ಹಳೇ ಊರಿನಲ್ಲಿ ನಾಲ್ಕು, ಏರ್‌ಪೋರ್ಟ್ ಪಕ್ಕದ ತಬಬೇಲಾದಲ್ಲಿ ಒಂದು. ನಿಜ ಹೇಳಬೇಕೆಂದರೆ ಎಂಟು ರಾತ್ರಿಯೂ ಮರಿಸ್ಕಾಲ್‌ನಲ್ಲೇ ಇರೋಣ ಅಂತ ಬುಕ್ ಮಾಡಿದ್ದೆ. ನಾಲ್ಕಕ್ಕೇ ಬಿಟ್ಟು ಬಂದೆವು.

ಅಮ್ಮನಿಗೆ ಅರವತ್ತನಾಲ್ಕು. ಚೆನ್ನಾಗಿ ನಡೆಯುತ್ತಾಳೆ. ಆದರೆ ಬೆಳಿಗ್ಗೆ ಬಿಸಿನೀರಿನ ಸ್ನಾನ ಆಗದೆ ಒಲೆ ಹಚ್ಚುವವಳಲ್ಲ. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ದಿನಕ್ಕೆ ಒಂದು ಹೊತ್ತಾದರೂ ಅನ್ನ ಸಾರು ಬೇಕು. ನಿಮ್ಮ ಮನೆಯಲ್ಲೂ ಇಂಥವರು ಇದ್ದಾರೆ, ಅಲ್ವಾ? ಈ ಹೋಲಿಕೆ ಅವರನ್ನು ಕರೆದುಕೊಂಡು ಹೋಗುವವರಿಗೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಎಕ್ವಡೋರಿನಲ್ಲಿ 2000ದಿಂದ ಅಮೆರಿಕದ ಡಾಲರೇ ಚಲಾವಣೆಯಲ್ಲಿದೆ, ಹಾಗಾಗಿ ಲೆಕ್ಕ ಸುಲಭ. ನಾವು ಇಬ್ಬರಿಗೆ ಸೇರಿ ಮರಿಸ್ಕಾಲ್‌ನಲ್ಲಿ ರಾತ್ರಿಗೆ 24 ಡಾಲರ್ ಕೊಟ್ಟೆವು, ತಿಂಡಿ ಇಲ್ಲದೆ. ಹಳೇ ಊರಿನಲ್ಲಿ 28, ತಿಂಡಿ ಸೇರಿ. ತಬಬೇಲಾದಲ್ಲಿ 36, ತಿಂಡಿ ಮತ್ತು ಏರ್‌ಪೋರ್ಟಿಗೆ ಬಿಡುವುದೂ ಸೇರಿ. ಹೋಗುವಾಗ ಇಪ್ಪತ್ತರ ನೋಟು, ಹತ್ತರ ನೋಟು ಜಾಸ್ತಿ ಇಟ್ಟುಕೊಳ್ಳಿ. ಐವತ್ತು, ನೂರರ ನೋಟನ್ನು ಸಣ್ಣ ಅಂಗಡಿ, ಸಣ್ಣ ಹಾಸ್ಟೆಲ್‌ಗಳು ತೆಗೆದುಕೊಳ್ಳುವುದಿಲ್ಲ. ಹೇಳಿದ ಬೆಲೆಯಲ್ಲಿ ತೆರಿಗೆ ಸೇರಿದೆಯಾ ಅಂತ ಮೊದಲೇ ಕೇಳಿ. ವೈಫೈ ಮೂರೂ ಕಡೆ ಚೆನ್ನಾಗಿತ್ತು. ಹೀಟರ್ ಮೂರೂ ಕಡೆ ಇರಲಿಲ್ಲ, ಮೇಲೆ ಎರಡು ದಪ್ಪ ಕಂಬಳಿ ಕೊಡುತ್ತಾರೆ, ಅಷ್ಟೇ. ರಾತ್ರಿ ಹತ್ತು ಡಿಗ್ರಿಯ ಹತ್ತಿರ ಇಳಿಯುತ್ತದೆ. ಅಮ್ಮ ಸ್ವೆಟರ್, ಕಾಲುಚೀಲ ಹಾಕಿಕೊಂಡೇ ಮಲಗಿದಳು.

ಮರಿಸ್ಕಾಲ್ ಹಾಸ್ಟೆಲ್‌ನ ರೂಮು ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಫೋಟೋದಲ್ಲಿ ಕಿಟಕಿಯಿಂದ ಪಿಚಿಂಚಾ ಬೆಟ್ಟ ಕಾಣುತ್ತಿತ್ತು, ಅದನ್ನು ನೋಡಿ ನಾನೇ ಆ ರೂಮು ಆರಿಸಿದ್ದು. ಬಂದ ದಿನ ಅಮ್ಮ ಮೆಟ್ಟಿಲ ಮೇಲೆ ಎರಡು ಸಲ ಕುಳಿತುಕೊಂಡಳು. "ಏನಿಲ್ಲ ಕಣೇ, ಸ್ವಲ್ಪ ಎದೆ ಡವಡವ ಅಂತಿದೆ" ಅಂದಳು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಊರಿನಲ್ಲಿ ಮೂರು ಮಹಡಿ ಅವಳಿಗೆ ಲೆಕ್ಕವೇ ಅಲ್ಲ. ಇಲ್ಲಿ ಮೊದಲ ಎರಡು ದಿನ ಒಂದೊಂದು ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ನೆಲಮಹಡಿ ರೂಮು ಕೊಡಿ ಅಂತ ಬುಕ್ ಮಾಡುವಾಗಲೇ ಕೇಳಿಬಿಡಿ. ಸ್ಪ್ಯಾನಿಷ್‌ನಲ್ಲಿ "ಪ್ಲಾಂತಾ ಬಾಹಾ" ಅಂದರೆ ಸಾಕು.

ಆದರೆ ಬೀದಿಯ ವಿಷಯಕ್ಕೆ ಬಂದರೆ ಮರಿಸ್ಕಾಲ್‌ಗೇ ನನ್ನ ಓಟು. ಅಲ್ಲಿ ರಸ್ತೆಗಳು ಸಾಕಷ್ಟು ಸಮತಟ್ಟು. ಎಲ್ ಎಹೀದೊ ಪಾರ್ಕಿಗೆ, ಕರಕುಶಲ ಮಾರುಕಟ್ಟೆಗೆ ಅಮ್ಮ ಆರಾಮಾಗಿ ನಡೆದು ಬಂದಳು. ಹಳೇ ಊರಿನಲ್ಲಿ ಒಂದು ಬೀದಿ ಇಳಿದರೆ ಇನ್ನೊಂದು ಬೀದಿ ಹತ್ತಬೇಕು. ಬಸೀಲಿಕಾ ಚರ್ಚಿನ ಕಡೆ ಹೋಗುವ ಏರು ನಮ್ಮನ್ನು ಪೂರ್ತಿ ಸುಸ್ತು ಮಾಡಿತು. (ಆ ಚರ್ಚಿನ ಗೋಡೆಯಿಂದ ಹೊರಚಾಚಿದ ಕಲ್ಲಿನ ಪ್ರಾಣಿಗಳನ್ನು ತಪ್ಪದೆ ನೋಡಿ. ಇಗುವಾನಾ, ಆಮೆ, ಎಲ್ಲ ಆ ದೇಶದ್ದೇ ಪ್ರಾಣಿಗಳು. ಅಮ್ಮ ಒಂದೊಂದನ್ನೂ ಗುರುತು ಹಿಡಿಯುತ್ತಾ ಅರ್ಧ ಗಂಟೆ ನಿಂತಳು.)

ಇನ್ನು ಸ್ನಾನ. ನಾವು ಜಾಗ ಬದಲಿಸಿದ್ದೇ ಇದಕ್ಕೆ.

ಕೀಟೊದ ಅಗ್ಗದ ರೂಮುಗಳಲ್ಲಿ ಬಿಸಿನೀರು ಬರುವುದು ಎರಡು ರೀತಿ. ಒಂದು ಕರೆಂಟ್ ಶವರ್. ಗೀಸರ್ ಬೇರೆ ಇರುವುದಿಲ್ಲ, ಶವರಿನ ತಲೆಯೊಳಗೇ ಕಾಯಿಲ್ ಕೂತಿರುತ್ತದೆ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಸಣ್ಣಗೆ ಬಿಟ್ಟರೆ ಬಿಸಿ. ತೀರಾ ಸಣ್ಣಗೆ ಮಾಡಿದರೆ ಒಳಗಿನ ಸ್ವಿಚ್ ಆಫ್ ಆಗಿ ಮತ್ತೆ ತಣ್ಣೀರು. ಇನ್ನೊಂದು ಕಾಲೆಫೋನ್, ಅಂದರೆ ನಮ್ಮ ಗ್ಯಾಸ್ ಗೀಸರ್.

ಮರಿಸ್ಕಾಲ್ ಹಾಸ್ಟೆಲ್‌ನಲ್ಲಿ ಇದ್ದದ್ದು ಕರೆಂಟ್ ಶವರ್. ಗೋಡೆಯಿಂದ ಎರಡು ವೈರು ಹೊರಗೆ ಬಂದಿತ್ತು, ಜಾಯಿಂಟಿಗೆ ಕರಿ ಟೇಪು ಸುತ್ತಿದ್ದರು. ಟೇಪಿನ ಒಂದು ತುದಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಎರಡನೇ ದಿನ ಬೆಳಿಗ್ಗೆ ಅಮ್ಮ ಒದ್ದೆ ಕೈಯಲ್ಲಿ ಕಬ್ಬಿಣದ ನಲ್ಲಿ ಮುಟ್ಟಿದಾಗ ಜುಂ ಅಂದಿತು. ಸಣ್ಣ ಶಾಕ್, ಆದರೆ ಶಾಕ್ ಶಾಕೇ. ಕೆಳಗೆ ಹೋಗಿ ಹೇಳಿದೆ. ಅವರು ಬಂದು ಹೊಸ ಟೇಪು ಸುತ್ತಿ ಹೋದರು. ಆಮೇಲೆ ಅಮ್ಮ ಆ ಬಚ್ಚಲಿಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಒಂದು ಪಾತ್ರೆ ನೀರು ಕಾಯಿಸಿ, ನಾನು ಮೂರು ಮಹಡಿ ಹೊತ್ತು ತಂದು, ಎರಡು ದಿನ ಹಾಗೇ ಸ್ನಾನ ಮಾಡಿಸಿದೆ. ಮೂರನೇ ದಿನಕ್ಕೆ ಬೇರೆ ರೂಮು ನೋಡಿದೆ. ಕರೆಂಟ್ ಶವರ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅರ್ತಿಂಗ್ ಸರಿ ಇದ್ದರೆ ಅದೂ ನಡೆಯುತ್ತದೆ. ನನಗೆ ಮಾತ್ರ ಇನ್ನು ಧೈರ್ಯ ಇಲ್ಲ.

ಹಳೇ ಊರಿನ ಮನೆಯಲ್ಲಿ ಕಾಲೆಫೋನ್ ಇತ್ತು, ಹಿಂದಿನ ತೆರೆದ ಅಂಗಳದಲ್ಲಿ. ನಲ್ಲಿ ತಿರುಗಿಸಿ ಒಂದು ನಿಮಿಷ ಕಾಯಬೇಕು. ಆಮೇಲೆ ಹೊಗೆಯಾಡುವ ನೀರು, ಧಾರಾಳವಾಗಿ. ಅಮ್ಮ ಅವತ್ತು ಬಚ್ಚಲಿನಿಂದ ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು. ಒಂದು ದಿನ ಸಿಲಿಂಡರ್ ಖಾಲಿಯಾಗಿ ನಡುವೆ ನೀರು ತಣ್ಣಗಾಯಿತು. ಕೂಗಿದೆ. ಮನೆಯ ಒಡತಿ ಐದು ನಿಮಿಷದಲ್ಲಿ ಬೇರೆ ಸಿಲಿಂಡರ್ ಜೋಡಿಸಿದರು. ತಬಬೇಲಾದಲ್ಲೂ ಗ್ಯಾಸೇ. ಅಲ್ಲಿ ತೊಂದರೆ ಏನೂ ಆಗಲಿಲ್ಲ.

ಅಡುಗೆಯ ವಿಷಯದಲ್ಲಿ ನಾವು ಕಲಿತದ್ದು ತುಂಬಾ. ಮನೆಯಿಂದ ಒಂದು ಸಣ್ಣ ಕರೆಂಟ್ ಕುಕ್ಕರ್ ಕೊಂಡೊಯ್ದಿದ್ದೆವು. ಎಕ್ವಡೋರಿನಲ್ಲಿ ಕರೆಂಟು 120 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಅಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಶಾಖ ಕೊಡುತ್ತದೆ, ಅಷ್ಟೇ. ಪ್ಲಗ್ ಬದಲಿಸುವ ಅಡಾಪ್ಟರ್ ಇದ್ದರೆ ಸಾಲದು. ಒಂದೂವರೆ ಗಂಟೆ ಆದರೂ ಅಕ್ಕಿ ನೆನೆದ ಹಾಗೇ ಇತ್ತು.

ಸರಿ, ಹಾಸ್ಟೆಲ್‌ನ ಗ್ಯಾಸ್ ಒಲೆ ಇದೆಯಲ್ಲ ಅಂತ ಮಾರುಕಟ್ಟೆಯಿಂದ ಚನ್ನಂಗಿ ಬೇಳೆ ತಂದೆವು. ಅಲ್ಲಿ ಅದಕ್ಕೆ ಲೆಂತೇಹಾ ಅಂತಾರೆ, ಸಿಪ್ಪೆ ಸಮೇತ ಇಡಿಯಾಗಿ ಸಿಗುತ್ತದೆ. ಅಮ್ಮ ತೆರೆದ ಪಾತ್ರೆಯಲ್ಲಿ ಬೇಯಲು ಇಟ್ಟಳು. ನೀರು ಕುದಿಯುತ್ತಲೇ ಇದೆ, ಬೇಳೆ ಕಲ್ಲು. ಅಷ್ಟು ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಉರಿ ಹಾಕಿದರೂ ಅದರ ಮೇಲೆ ಶಾಖ ಏರುವುದಿಲ್ಲ. ಪ್ರೆಷರ್ ಕುಕ್ಕರ್ ಇಲ್ಲದೆ ಅಲ್ಲಿ ಬೇಳೆ ಬೇಯಿಸುವುದು ದೊಡ್ಡ ತಪಸ್ಸು. ಮರಿಸ್ಕಾಲ್‌ನ ಅಡುಗೆಮನೆಯಲ್ಲಿ ಬಾಣಲೆಗಳು ಹತ್ತು ಇದ್ದವು, ಕುಕ್ಕರ್ ಒಂದೂ ಇರಲಿಲ್ಲ.

ಹಳೇ ಊರಿನ ಮನೆಯಲ್ಲಿ ಅತಿಥಿಗಳಿಗೆ ಅಂತ ಬೇರೆ ಅಡುಗೆಮನೆಯೇ ಇಲ್ಲ. ಒಡತಿಯ ಅಡುಗೆಮನೆಯನ್ನೇ ಕೇಳಿ ಬಳಸಬೇಕು. ಕಾಗದದ ಮೇಲೆ ಇದು ಆ ಮನೆಯ ದೊಡ್ಡ ಕೊರತೆ. ನಮಗೆ ಅದೇ ವರವಾಯಿತು. ಕೀಟೊದ ಮನೆಗಳಲ್ಲಿ ಪ್ರೆಷರ್ ಕುಕ್ಕರ್ ಇದ್ದೇ ಇರುತ್ತದೆ, "ಓಯಾ ದೆ ಪ್ರೆಸಿಯೋನ್". ಅದನ್ನು ಕೇಳಲು ನಾನು ಅಲ್ಲಿಯವರ ಮಾತಿನ ರೀತಿಯನ್ನೇ ಕಲಿತೆ: "ದೆಮೆ ತ್ರಾಯೆಂದೊ". ಪದಕ್ಕೆ ಪದ ಇಟ್ಟರೆ ನಮ್ಮ "ತಂದು ಕೊಡಿ". ಬೇರೆ ಕಡೆಯ ಸ್ಪ್ಯಾನಿಷ್‌ನಲ್ಲಿ ಹೀಗೆ ಹೇಳುವುದಿಲ್ಲ. ಬೆಟ್ಟದ ಜನರ ಕಿಚ್ವಾ ಭಾಷೆಯಿಂದ ಬಂದ ರೂಢಿ ಇದು. ನನಗೆ ಎಷ್ಟು ಖುಷಿಯಾಯಿತು ಅಂದರೆ, ನಾಲ್ಕು ದಿನ ಎಲ್ಲದಕ್ಕೂ ಅದನ್ನೇ ಬಳಸಿದೆ.

ಅವರ ಕುಕ್ಕರ್ ನಮ್ಮದರ ಹಾಗೆ ಕೂಗುವುದಿಲ್ಲ. ಒತ್ತಡ ಬಂದ ಮೇಲೆ ತಲೆಯ ಮೇಲಿನ ಗುಂಡು ಅಲ್ಲಾಡುತ್ತಾ ಒಂದೇ ಸಮ ಬುಸುಗುಡುತ್ತದೆ. ಅಮ್ಮ ಮೂರು ಕೂಗಿಗೆ ಕಾಯುತ್ತಾ ನಿಂತಿದ್ದಳು. ಒಡತಿ ಬಂದು ಗೋಡೆ ಗಡಿಯಾರ ತೋರಿಸಿ, ಎರಡು ಕೈಯ ಬೆರಳನ್ನೂ ಎರಡು ಸಲ ಬಿಚ್ಚಿ ತೋರಿಸಿದರು. ಇಪ್ಪತ್ತು ನಿಮಿಷ. ಸರಿಯಾಗಿ ಬೆಂದಿತ್ತು. ಹುಣಸೆಹಣ್ಣು ಇರಲಿಲ್ಲ. ಅಲ್ಲಿ ಮರದ ಟೊಮೆಟೊ ಅಂತ ಒಂದು ಹಣ್ಣು ಸಿಗುತ್ತದೆ, ಮೊಟ್ಟೆಯಾಕಾರ, ಕೆಂಪು, ಹುಳಿ. ಅದನ್ನು ಕಿವುಚಿ, ಮನೆಯಿಂದ ತಂದ ಸಾರಿನ ಪುಡಿ ಹಾಕಿ ಅಮ್ಮ ಸಾರು ಮಾಡಿದಳು. ಒಡತಿ ಒಂದು ಲೋಟ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದರು.

ಹೊರಗೆ ತಿನ್ನುವವರಿಗಾದರೆ ಮರಿಸ್ಕಾಲ್ ಉತ್ತಮ, ಫಲಾಫೆಲ್, ಪಿಜ್ಜಾ ಎಲ್ಲ ರಾತ್ರಿಯವರೆಗೂ ಇರುತ್ತದೆ. ಮಧ್ಯಾಹ್ನದ ಊಟ, ಅಲ್ಮುಎರ್ಸೊ, ಎರಡೂ ಕಡೆ ಮೂರು ನಾಲ್ಕು ಡಾಲರಿಗೆ ಸೂಪು, ಅನ್ನ, ಪಲ್ಯ, ಜ್ಯೂಸು ಸೇರಿ ಸಿಗುತ್ತದೆ. "ಸಿನ್ ಕಾರ್ನೆ" (ಮಾಂಸ ಇಲ್ಲದೆ) ಅಂತ ಮಾತ್ರ ಹೇಳಿದರೆ ಕೋಳಿ ಬರಬಹುದು, ನಮಗೆ ಬಂತು. ಕೋಳಿ ಬೇಡ, ಮೀನು ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಅಂತ ಬಿಡಿಸಿ ಹೇಳಿ. ಲೋಕ್ರೊ ದೆ ಪಾಪಾ ಅನ್ನುವ ಆಲೂಗಡ್ಡೆ ಸೂಪು, ಮೇಲೆ ಚೀಸು, ಬೆಣ್ಣೆಹಣ್ಣು. ಅದನ್ನು ಅಮ್ಮ ಹಳೇ ಊರಿನಲ್ಲಿ ಎರಡು ಸಲ ಕೇಳಿ ತಿಂದಳು.

ಕತ್ತಲಾದ ಮೇಲೆ ಬೀದಿ ಹೇಗಿರುತ್ತದೆ ಅನ್ನುವುದನ್ನೂ ನೋಡಲೇಬೇಕು. ಕೀಟೊ ಸಮಭಾಜಕದ ಪಕ್ಕದಲ್ಲೇ ಇದೆ. ವರ್ಷವಿಡೀ ಸಂಜೆ ಆರೂಕಾಲರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಹಳೇ ಊರಿನಲ್ಲಿ ಏಳಕ್ಕೆಲ್ಲ ಅಂಗಡಿ ಶಟರು ಇಳಿಯುತ್ತವೆ. ಲಾ ರೋಂದಾ ಬೀದಿಯಲ್ಲಿ ಶುಕ್ರವಾರ, ಶನಿವಾರ ಜನ ಇರುತ್ತಾರೆ, ಉಳಿದ ಕಡೆ ನಿರ್ಜನ. ನಾವು ಆರೂವರೆಗೆ ಒಳಗೆ ಬರುತ್ತಿದ್ದೆವು. ಮರಿಸ್ಕಾಲ್‌ನಲ್ಲಿ ದೀಪ, ಜನ, ಸಂಗೀತ ಎಲ್ಲ ಇದೆ, ಆದರೆ ಕತ್ತಲಾದ ಮೇಲೆ ನಾಲ್ಕು ಬೀದಿ ದಾಟಲೂ ಟ್ಯಾಕ್ಸಿ ಹಿಡಿಯಿರಿ ಅಂತ ಹಾಸ್ಟೆಲ್‌ನವರೇ ಹೇಳಿದರು. ಫೋಚ್ ಚೌಕದ ಸುತ್ತಮುತ್ತ ರೂಮು ಮಾಡಿದರೆ ವಾರದ ಕೊನೆಗೆ ನಿದ್ದೆ ಇಲ್ಲ. ನಮ್ಮ ಕಿಟಕಿ ರಾತ್ರಿ ಎರಡರವರೆಗೂ ಅದುರುತ್ತಿತ್ತು. ಹಳೇ ಊರಿನಲ್ಲಿ ಬೆಳಗಾಗುವ ಹೊತ್ತಿಗೆ ಚರ್ಚಿನ ಗಂಟೆ ಎಬ್ಬಿಸುತ್ತದೆ. ಅಮ್ಮನಿಗೆ ಅದು ಏಳುವ ಹೊತ್ತೇ.

ಆ ಮನೆ ನಮ್ಮ ತೊಟ್ಟಿಮನೆಯ ಹಾಗೇ ಇತ್ತು. ನಡುವೆ ಅಂಗಳ, ಸುತ್ತ ಕಂಬ, ಕಂಬದ ಹಿಂದೆ ರೂಮುಗಳು. ಮಣ್ಣಿನ ದಪ್ಪ ಗೋಡೆ. ರೂಮಿನ ಕಿಟಕಿ ಅಂಗಳಕ್ಕೆ ತೆರೆಯುತ್ತದೆ, ಹಾಗಾಗಿ ಒಳಗೆ ಬೆಳಕು ಕಡಿಮೆ. ಬೀದಿ ನೋಡಬೇಕು ಅನ್ನುವವರಿಗೆ ಇದು ಬೇಸರ ಆಗಬಹುದು. ಕೀಟೊ 1978ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಯ ಮೊದಲ ಕಂತಿನಲ್ಲೇ ಸೇರಿದ ಊರು. ಹಳೇ ಮನೆಗಳನ್ನು ಬೇಕಾದ ಹಾಗೆ ಒಡೆದು ಕಟ್ಟುವ ಹಾಗಿಲ್ಲ, ಅದರಿಂದಲೇ ಈ ಅಂಗಳಗಳು ಉಳಿದಿವೆ. ಬಿಸಿಲು ಬಂದಾಗ ಅಮ್ಮ ಕಂಬಕ್ಕೆ ಒರಗಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಆ ಬೆಲೆಗೆ ಇಂಥ ಜಾಗ ನಾನು ಬೇರೆಲ್ಲೂ ನೋಡಿಲ್ಲ.

ಓಡಾಟಕ್ಕೆ ಈಗ ಎರಡರ ನಡುವೆ ದೊಡ್ಡ ವ್ಯತ್ಯಾಸ ಉಳಿದಿಲ್ಲ. 2023ರ ಡಿಸೆಂಬರಿನಲ್ಲಿ ಮೆಟ್ರೊ ಶುರುವಾಗಿದೆ, ಟಿಕೆಟ್ 45 ಸೆಂಟ್. ಎಲ್ ಎಹೀದೊ ನಿಲ್ದಾಣದಲ್ಲಿ ಹತ್ತಿದರೆ ಎರಡನೆಯದೇ ಸಾನ್ ಫ್ರಾನ್ಸಿಸ್ಕೊ. ಮೇಲೆ ಬಂದರೆ ಹಳೇ ಊರಿನ ದೊಡ್ಡ ಚೌಕ. ನಾವು ಸೂಟ್‌ಕೇಸು ಸಮೇತ ಹಾಗೇ ಮನೆ ಬದಲಿಸಿದೆವು.

ತಬಬೇಲಾ ಬಗ್ಗೆ ಹೇಳುವುದು ಕಡಿಮೆ. 2013ರಿಂದ ಏರ್‌ಪೋರ್ಟ್ ಊರಿನಿಂದ ದೂರ, ಅಲ್ಲಿದೆ. ನೋಡಲು ಏನಿಲ್ಲ, ಸಂಜೆ ನಾಯಿ ಬೊಗಳುವುದು ಬಿಟ್ಟರೆ ಸದ್ದಿಲ್ಲ. ಆದರೆ ಅದು ಸುಮಾರು 2,400 ಮೀಟರ್, ಕೀಟೊಗಿಂತ ಕೆಳಗೆ. ಅಮ್ಮ ಅಲ್ಲಿ ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದಳು. ನಾವು ಅದನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡಿದ್ದು ತಪ್ಪಾಯಿತು. ಮೊದಲ ರಾತ್ರಿಯೇ ಅಲ್ಲಿ ಮಲಗಿ, ಮಾರನೇ ದಿನ ಹತ್ತಬೇಕಿತ್ತು.

ಒಬ್ಬರೇ ಹೋಗುವ ಹುಡುಗ ಹುಡುಗಿಯರು ಕೇಳಿದರೆ ಮರಿಸ್ಕಾಲ್ ಅಂತಲೇ ಹೇಳುತ್ತೇನೆ, ಮೊದಲು ಬಚ್ಚಲಿನ ವೈರು ನೋಡಿ ಆಮೇಲೆ ದುಡ್ಡು ಕೊಡಿ ಅಂತಲೂ ಹೇಳುತ್ತೇನೆ. ಮನೆಯ ಹಿರಿಯರು ಜೊತೆಗಿದ್ದರೆ ನನ್ನ ಮಾತು ಹಳೇ ಊರು, ನೆಲಮಹಡಿ, ಗ್ಯಾಸ್ ನೀರು.

ಬರುವ ತಿಂಗಳು ಅಣ್ಣ ಅತ್ತಿಗೆ ಹೋಗುತ್ತಿದ್ದಾರೆ. ಮೊದಲ ರಾತ್ರಿ ತಬಬೇಲಾ, ಉಳಿದ ಐದು ರಾತ್ರಿ ಅದೇ ಅಂಗಳದ ಮನೆ ಅಂತ ಬುಕ್ ಮಾಡಿಕೊಟ್ಟಿದ್ದೇನೆ. ಅಮ್ಮ ಕಾಲು ಕೆಜಿ ಸಾರಿನ ಪುಡಿ ಕಟ್ಟಿ ಇಟ್ಟಿದ್ದಾಳೆ, ಆ ಒಡತಿಗೆ ಕೊಡಲಿಕ್ಕೆ.