ಹ್ಯಾಂಡ್‌ಹೆಲ್ಡ್‌ನ ಬಯಾಸ್ ಅಪ್‌ಡೇಟ್ ಮಾಡುವ ಮುನ್ನ ಆ 48 ಅಂಕಿ ಕೈಯಲ್ಲಿರಲಿ

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಗೇಮಿಂಗ್ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಪುಟ್ಟ ಪಿಸಿ), 16 ಜಿಬಿ ಮೆಮೊರಿ, ವಿಂಡೋಸ್ 11 ಹೋಮ್. ತಯಾರಕರ ಆ್ಯಪ್‌ನಲ್ಲಿ ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಚ್ಚರಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಎರಡು ಸಲ ಅರ್ಧಕ್ಕೇ ನಿಂತಿತು. ಸರಿ ಎಂದು ಫ್ಯಾಟ್32 ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಬಯಾಸ್ ಒಳಗಿನಿಂದಲೇ ಫ್ಲಾಶ್ ಮಾಡಿದ್ದಾಯಿತು, ಅಂದರೆ ಹೊಸ ಆವೃತ್ತಿಯನ್ನು ಚಿಪ್‌ಗೆ ಬರೆದದ್ದಾಯಿತು. ಫ್ಲಾಶ್ ಸಲೀಸಾಗಿ ಮುಗಿಯಿತು. ಆಮೇಲೆ ವಿಂಡೋಸ್ ಬರಬೇಕಾದಲ್ಲಿ ನೀಲಿ ಪರದೆ ಬಂತು: ಬಿಟ್‌ಲಾಕರ್ ರಿಕವರಿ ಕೀ ಕೊಡಿ, ಆರಾರು ಅಂಕಿಗಳ ಎಂಟು ಗುಂಪು, ಒಟ್ಟು 48.

ಡ್ರೈವ್‌ನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿಸಿ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರನ್ನು ಯಾರೂ ಆನ್ ಮಾಡಿರಲಿಲ್ಲ. ಮಾಡಬೇಕಾಗಿಯೂ ಇಲ್ಲ. ಬಹುತೇಕ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಸಾಕು, ‘ಡಿವೈಸ್ ಎನ್‌ಕ್ರಿಪ್ಶನ್’ ಸದ್ದಿಲ್ಲದೆ ಡ್ರೈವ್‌ಗೆ ಬೀಗ ಜಡಿದು ರಿಕವರಿ ಕೀಯನ್ನು ಆ ಖಾತೆಗೆ ಕಳಿಸಿಬಿಡುತ್ತದೆ. ದಿನನಿತ್ಯ ಬೀಗ ತೆಗೆಯುವುದು ಟಿಪಿಎಂ, ಕೀಗಳನ್ನು ಕಾಯುವ ಭದ್ರತಾ ಚಿಪ್. ಬೂಟ್ ಆಗುವಾಗ ಫರ್ಮ್‌ವೇರ್ (ಬಯಾಸ್‌ನಂಥ ಯಂತ್ರದೊಳಗಿನ ತಂತ್ರಾಂಶ) ಮತ್ತು ಸೆಕ್ಯೂರ್ ಬೂಟ್‌ನ (ನಂಬಲಾಗದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಗುರುತು ಹಿಂದಿನದಕ್ಕೆ ತಾಳೆಯಾದರಷ್ಟೇ ಅದು ಕೀ ಬಿಟ್ಟುಕೊಡುತ್ತದೆ. ಬಯಾಸ್ ಬದಲಾದಾಗ ತಾಳೆ ತಪ್ಪಬಹುದು. ಕೆಲವು ಅಪ್‌ಡೇಟ್‌ಗಳು ಟಿಪಿಎಂ ಅನ್ನೇ ಖಾಲಿ ಮಾಡುತ್ತವೆ. ವಿಂಡೋಸ್ ಒಳಗಿನಿಂದ ಅಪ್‌ಡೇಟ್ ಮಾಡುವ ಒಳ್ಳೆಯ ಆ್ಯಪ್ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ. ಪೆನ್‌ಡ್ರೈವ್ ದಾರಿಯಲ್ಲಿ ಆ ಕೆಲಸ ಮಾಡುವವರೇ ಇಲ್ಲ.

ಕೀ ಇದ್ದದ್ದು ಮೊದಲ ಮಾಲೀಕರ ಖಾತೆಯಲ್ಲಿ, ಅವರ ಸಂಪರ್ಕ ಸಿಗಲಿಲ್ಲ. ಕೀ ಇಲ್ಲದಿದ್ದರೆ ಯಾವ ರಿಪೇರಿಯವರೂ ಆ ಡ್ರೈವ್ ತೆರೆಯಲಾರರು. ತೆರೆಯುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ವಿಂಡೋಸ್ ಹೊಸದಾಗಿ ಹಾಕಬೇಕಾಯಿತು. ಕ್ಲೌಡ್‌ಗೆ ಹೋಗದ ಸೇವ್‌ಗಳು, ಎಮ್ಯುಲೇಟರ್ ಫೋಲ್ಡರ್, ಮಾಡ್‌ಗಳು ಎಲ್ಲ ಹೋದವು.

ಆದ್ದರಿಂದ ಮೊದಲ ಕೆಲಸ: ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ಖಾತೆಯ ರಿಕವರಿ ಕೀ ಪುಟ ತೆರೆದು 48 ಅಂಕಿಯ ಜೊತೆ ಕೀ ಐಡಿಯ ಮೊದಲ 8 ಅಕ್ಷರಗಳನ್ನೂ ಕಾಗದದಲ್ಲಿ ಬರೆದಿಡಿ. ನೀಲಿ ಪರದೆ ತೋರಿಸುವುದು ಆ ಐಡಿಯನ್ನೇ. ಖಾತೆಯಲ್ಲಿ ಮೂರ್ನಾಲ್ಕು ಕೀ ಇದ್ದರೆ ಯಾವುದು ಎಂದು ತಿಳಿಯುವುದು ಅದರಿಂದಲೇ. ಕೀ ಸಿಗದಿದ್ದರೆ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವ ತನಕ ಕಾಯಿರಿ. ಒಂದು ಯುಎಸ್‌ಬಿ ಕೀಬೋರ್ಡ್, ಟೈಪ್-ಸಿ ಹಬ್ ಹತ್ತಿರ ಇರಲಿ. ಆ ಪರದೆಯಲ್ಲಿ ಟಚ್ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ.

ಫ್ಲಾಶ್ ನಡೆಯುವಾಗ ಚಾರ್ಜರ್ ತೆಗೆಯಬೇಡಿ. ಮುಗಿದ ಮೇಲಿನ ಮೊದಲ ಬೂಟ್‌ನಲ್ಲಿ ಮೆಮೊರಿ ಟ್ರೈನಿಂಗ್ (ಯಂತ್ರವು ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವುದು) ನಡೆಯುವುದರಿಂದ ಫ್ಯಾನ್ ತಿರುಗುತ್ತಾ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೆಟ್ಟಿತೆಂದು ಪವರ್ ಬಟನ್ ಅದುಮಿ ಹಿಡಿದರೆ ಆಗ ನಿಜವಾಗಿ ಕೆಡಬಹುದು. ಗೇಮ್‌ಪ್ಯಾಡ್ ಫರ್ಮ್‌ವೇರ್ ಅಪ್‌ಡೇಟ್ ಆಗುವಾಗ ಬಟನ್‌ಗಳು ಸತ್ತಂತಿರುವುದೂ ಸಹಜ.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ವಿಂಡೋಸ್ ಹಾಕಿದ ಮೇಲೆ ಗೇಮ್‌ಗಳು ತಡವರಿಸತೊಡಗಿದವು, ಟೆಕ್ಸ್‌ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಮಬ್ಬು. ಗ್ರಾಫಿಕ್ಸ್ ಡ್ರೈವರ್ ಮೂರು ಸಲ ಬದಲಿಸಿದರೂ ಗುಣ ಕಾಣಲಿಲ್ಲ. ತಪ್ಪು ಡ್ರೈವರಿನದ್ದಲ್ಲ. ಫ್ಲಾಶ್ ಆದಾಗ ಬಯಾಸ್ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗಿ, ಗ್ರಾಫಿಕ್ಸ್‌ಗೆ ಮೀಸಲಿಟ್ಟಿದ್ದ 4 ಜಿಬಿ ಕುಗ್ಗಿತ್ತು. ಈ ಯಂತ್ರಗಳಲ್ಲಿ ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಒಂದೇ ಮೆಮೊರಿ. ಮೀಸಲು ಕಡಿಮೆ ಕಂಡರೆ ಕೆಲವು ಗೇಮ್‌ಗಳು ತಾವಾಗಿಯೇ ಟೆಕ್ಸ್‌ಚರ್ ಇಳಿಸುತ್ತವೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೆಮೊರಿ ಒತ್ತಿ ‘ಹಾರ್ಡ್‌ವೇರ್ ರಿಸರ್ವ್ಡ್’ ನೋಡಿ: 4ರ ಆಸುಪಾಸು ಇರಬೇಕಾದ ಅಂಕಿ 1 ಜಿಬಿಗಿಂತ ಕೆಳಗಿದ್ದರೆ ಕಾರಣ ಸಿಕ್ಕಂತೆ. ಬಯಾಸ್‌ನಲ್ಲಿ ‘ಯುಎಂಎ ಫ್ರೇಮ್ ಬಫರ್’ ಎಂಬ ಈ ಮೀಸಲನ್ನು 4 ಜಿಬಿಗೆ ಏರಿಸಿ. 16 ಜಿಬಿ ಯಂತ್ರದಲ್ಲಿ ಆಸೆಬಿದ್ದು 8 ಕೊಟ್ಟರೆ ವಿಂಡೋಸ್‌ಗೆ ಉಳಿಯುವುದು 8 ಮಾತ್ರ. ಆಗ ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡ್ರೈವ್‌ನ ಜಾಗ) ಮೇಲೆ ಹೊರೆ ಬಿದ್ದು ಮತ್ತೆ ಅದೇ ತಡವರಿಕೆ.

ಅಳೆಯುವಾಗ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸರಾಸರಿಯೊಂದನ್ನೇ ನಂಬಬೇಡಿ. 60 ಎಫ್‌ಪಿಎಸ್ ಎಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, ಪ್ರತಿ ಫ್ರೇಮ್‌ಗೆ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮ್ ಗೆರೆ ಮುಳ್ಳುಮುಳ್ಳಾಗಿ ಎದ್ದರೆ ಸರಾಸರಿ 58 ಇದ್ದರೂ ಆಟ ಕುಂಟುತ್ತದೆ. ಮೊದಲೂ ಆಮೇಲೂ ಅದೇ ದೃಶ್ಯ, ಅದೇ ವ್ಯಾಟ್ ಮಿತಿ, ಅದೇ ಚಾರ್ಜರ್ ಇರಲಿ. ದುರ್ಬಲ ಚಾರ್ಜರ್ ಹಾಕಿದರೆ ಕೆಲವು ಯಂತ್ರಗಳು ಗರಿಷ್ಠ ಮೋಡ್‌ಗೆ ಏರುವುದೇ ಇಲ್ಲ. ಡ್ರೈವರ್ ಬದಲಾದರೆ ಹಳೆಯ ಶೇಡರ್ ಕ್ಯಾಶ್ (ಗ್ರಾಫಿಕ್ಸ್‌ಗಾಗಿ ಮೊದಲೇ ಸಿದ್ಧಪಡಿಸಿಟ್ಟ ಕೋಡ್) ಕೆಲಸಕ್ಕೆ ಬಾರದು. ಅದು ಮತ್ತೆ ತುಂಬಿಕೊಳ್ಳುವ ತನಕ ಒಂದಷ್ಟು ಹೊತ್ತು ಆಡಿ, ಆಮೇಲಷ್ಟೇ ತೀರ್ಮಾನಕ್ಕೆ ಬನ್ನಿ.

ಹಳೆಯ ಬಯಾಸ್‌ಗೇ ಮರಳೋಣ ಎನಿಸಿದರೆ: ಎಷ್ಟೋ ಯಂತ್ರಗಳು ಹಿಂದಿನ ಆವೃತ್ತಿಯ ಫೈಲನ್ನು ಒಪ್ಪುವುದೇ ಇಲ್ಲ. ಒಪ್ಪಿದರೂ ಅದು ಇನ್ನೊಂದು ಫ್ಲಾಶ್, ಆ 48 ಅಂಕಿಯನ್ನು ಮತ್ತೆ ಕೇಳಬಹುದು.