"ಬ್ಯಾಕಪ್ ಐತ್ರಿ" ಅಂದರೆ ನಂಬಬೇಡಿ

ಕಂಪ್ಯೂಟರ್‌ಗೆ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಕೊಟ್ಟು ನಿಶ್ಚಿಂತೆಯಾಗಿ ಕೂತಿರುವ ಅಂಗಡಿಯವರು ದಯವಿಟ್ಟು ಓದಿ. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸೀಸನ್ ಜೋರಿರುವಾಗ, ಅದೂ ಮಾಲು ಮಾರಾಟವಾಗುವ ಟೆಂಡರ್ ದಿನವೇ, ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ ತೆರೆಯಲಿಲ್ಲ. ಫೈಲುಗಳ ಹೆಸರಿಗೆಲ್ಲ ಏನೇನೋ ಅಕ್ಷರ ಅಂಟಿಕೊಂಡಿದ್ದವು. ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು ಚೀಟಿ: ಫೈಲಿಗೆ ಬೀಗ ಹಾಕಿದ್ದೇವೆ, ಬೇಕಿದ್ದರೆ ಬಿಟ್‌ಕಾಯಿನ್ ಕಳಿಸಿ. ರ್‍ಯಾನ್ಸಮ್‌ವೇರ್.

ಪ್ರತಿ ವರ್ಷ ದುಡ್ಡು ಎಣಿಸಿಕೊಳ್ಳುವ ಸರ್ವಿಸ್‌ನವನಿಗೆ ಫೋನ್ ಮಾಡಿದೆ.

"ಗಾಬರಿ ಆಗಬ್ಯಾಡ್ರಿ ಸಾವಕಾರ್ರ, ಬ್ಯಾಕಪ್ ಐತ್ರಿ."

ಹೋದ ಜೀವ ಬಂತು. ಎಲ್ಲಿದೆ ಅಂತ ಕೇಳಿದೆ.

"ನಿಮ್ಮ ಡಿ ಡ್ರೈವ್‌ನ್ಯಾಗ ಐತಲ್ರಿ."

ಡಿ ಡ್ರೈವ್! ಅದೇ ಕಂಪ್ಯೂಟರ್, ಅದೇ ಹಾರ್ಡ್ ಡಿಸ್ಕ್. ಅದಕ್ಕೂ ಬೀಗ ಬಿದ್ದಿತ್ತು. ಬಿಲ್‌ನಲ್ಲಿ 'ಡೈಲಿ ಬ್ಯಾಕಪ್' ಅಂತ ಬೇರೆ ಸಾಲು ಬರೆದು, ಅದಕ್ಕೇ ಬೇರೆ ದುಡ್ಡು ತಗೊಂಡಿದ್ದಾನೆ. ಡಿ ಡ್ರೈವ್‌ಗೆ ಕಾಪಿ ಮಾಡೋಕೆ ದುಡ್ಡು! ಮಾತೇ ಹೊರಡಲಿಲ್ಲ ನನಗೆ.

ಆಮೇಲೆ ಹುಬ್ಬಳ್ಳಿಯಿಂದ ನನ್ನ ಅಳಿಯ ಬಂದು ನೋಡಿದರು. ಸರ್ವಿಸ್‌ನವನು ತನ್ನ ಆಫೀಸಿನಲ್ಲೇ ಕೂತು ರಿಪೇರಿ ಮಾಡಲು ರಿಮೋಟ್ ಡೆಸ್ಕ್‌ಟಾಪನ್ನು, ಹೊರಗಿನ ಯಾರು ಬೇಕಾದರೂ ಒಳನುಗ್ಗಲು ಪ್ರಯತ್ನಿಸುವ ಹಾಗೆ, ಸೀದಾ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ. ಪಾಸ್‌ವರ್ಡ್ ಏನು ಗೊತ್ತಾ? ನಮ್ಮ ಅಂಗಡಿ ಹೆಸರು, ಮುಂದೆ 123. ಮೇಲೆ ಅವನೇ ಹಾಕಿಕೊಟ್ಟ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು 2020ರ ಜನವರಿಯಲ್ಲೇ ನಿಲ್ಲಿಸಿದೆಯಂತೆ. ಇದನ್ನು ಹೇಳಬೇಕಾದವನು ಯಾರು, ನಾನಾ?

ಪಾಸ್‌ವರ್ಡ್ ಬಗ್ಗೆ ಕೇಳಿದ್ದಕ್ಕೆ ಅವನ ಉತ್ತರ: "ಎಲ್ಲಾ ಅಂಗಡಿಗೂ ಹಂಗ ಇಟ್ಟೀವ್ರಿ. ಇಲ್ಲಾಂದ್ರ ನಮಗ ನೆನಪ ಉಳಿಯೂದಿಲ್ಲ." ಇನ್ನೊಮ್ಮೆ ಕೇಳಿದಾಗ "ನಿಮ್ಮ ಹುಡುಗ್ರು ಯಾವ್ದರ ಲಿಂಕ್ ಒತ್ತಿರ್ತಾರ್ರಿ." ಕೊನೆಗೆ "ಎಎಂಸಿಯೊಳಗ ವೈರಸ್ ಕೆಲಸ ಬರೂದಿಲ್ರಿ, ಫಾರ್ಮ್ಯಾಟ್ ಹೊಡದ ಬಿಡೂಣ." ಫಾರ್ಮ್ಯಾಟ್ ಹೊಡೆದರೆ ಸಾಕ್ಷಿಯೂ ಹೋಯಿತು, ಅವನ ತಪ್ಪೂ ಹೋಯಿತು. ಬಿಡಲಿಲ್ಲ ನಾನು.

ಎಲ್ಲಕ್ಕಿಂತ ನಾಚಿಕೆ ಅಂದರೆ ಖರೀದಿದಾರರಿಗೆ ಫೋನ್ ಮಾಡಿ "ನಾವು ಕೊಟ್ಟ ಬಿಲ್‌ನ ಫೋಟೋ ಕಳಿಸ್ರಿ" ಅಂತ ಕೇಳಿದ್ದು. ಒಬ್ಬರು ನಕ್ಕು, "ನಮ್ಮ ಬಾಕಿ ಎಷ್ಟೈತಿ ನಿಮಗ ಗೊತ್ತಿಲ್ಲೇನ್ರಿ?" ಅಂದರು. ದಲಾಲಿ ಅಂಗಡಿಯವನಿಗೆ ಕೇಳುವ ಮಾತಾ ಇದು?

ಬೀಗ ಹಾಕಿದವರಿಗೆ ದುಡ್ಡು ಕೊಡಲಿಲ್ಲ. ಕೊಟ್ಟರೂ ಫೈಲು ಸಿಗುವ ಖಾತ್ರಿ ಇಲ್ಲ. 'ನೋ ಮೋರ್ ರ್‍ಯಾನ್ಸಮ್' ಅನ್ನುವ ತಾಣದಲ್ಲಿ ಕೆಲವು ಬಗೆಯ ರ್‍ಯಾನ್ಸಮ್‌ವೇರ್‌ಗೆ ಪುಕ್ಕಟೆ ಕೀಲಿ ಇವೆ, ನಮ್ಮದಕ್ಕೆ ಇರಲಿಲ್ಲ. ನಿಮಗೆ ಹೀಗಾದರೆ ಮೊದಲು ನೆಟ್ ಕೇಬಲ್ ಕಿತ್ತು ಹಾಕಿ. ಸೈಬರ್ ಪೊಲೀಸರಿಗೆ ದೂರು ಕೊಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬ್ಯಾಕಪ್ ಬೇರೆ ಹಾರ್ಡ್ ಡಿಸ್ಕ್‌ನಲ್ಲಿರಲಿ. ಕಾಪಿ ಆದ ಮೇಲೆ ಅದನ್ನು ಬಿಚ್ಚಿ ಕಪಾಟಿನಲ್ಲಿಡಿ. ಸರ್ವಿಸ್‌ನವನ ಬಾಯಿಮಾತು ಬೇಡ, ಒಂದು ಹಳೇ ಬಿಲ್ ಅದರಿಂದ ತೆಗೆದು ತೋರಿಸಲಿ. ರಿಮೋಟ್ ಬೇಕಾದಾಗ ನೀವೇ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ನಿಮ್ಮ ಪಾಸ್‌ವರ್ಡೂ ಅಂಗಡಿ ಹೆಸರು, ಮುಂದೆ 123 ಇದೆಯಾ? ಇವತ್ತೇ ಬದಲಿಸಿ. ಹೊಸದು ಅವನಿಗೆ ಹೇಳಬೇಡಿ.